ಅಪ್ಪ ಎಂಜಿನ್ ಬಿಚ್ಚಿದ ಸುಗ್ಗಿ

ಆ ಕಾಲಕ್ಕೆ ಮಸ್ಕಿಗೆ ಹೊತ್ತು ಹೇಳುತ್ತಿದ್ದವನು ನಮ್ಮಪ್ಪ. ಗಡಿಯಾರ ಇದ್ದ ಮನೆಗಳು ಊರಲ್ಲಿ ಬೆರಳಲ್ಲಿ ಎಣಿಸುವಷ್ಟು. ಸಿಂಧನೂರು ರಸ್ತೆಗಿದ್ದ ಹತ್ತಿ ಗಿರಣಿಯ ಭೋಂಗಾ ಕೂಗಿದರೆ ಬೆಳಗಾಯಿತು. ಮತ್ತೊಮ್ಮೆ ಕೂಗಿದರೆ ಊಟದ ಹೊತ್ತು. ಮೂರನೇ ಸಲ ಕೂಗಿದರೆ ದೀಪ ಹಚ್ಚುವ ಹೊತ್ತು. ಆ ಭೋಂಗಾದ ಸರಪಳಿ ಎಳೆಯುತ್ತಿದ್ದವನು ನಮ್ಮಪ್ಪ ದುರುಗಪ್ಪ. ಬಾಯ್ಲರಿಗೆ ಕಟ್ಟಿಗೆ ಹಾಕುವುದು, ಉಗಿಯ ಎಂಜಿನ್ನಿಗೆ ಎಣ್ಣೆ ಬಿಡುವುದು, ಭೋಂಗಾ ಎಳೆಯುವುದು, ಮಳೆಗಾಲದಲ್ಲಿ ಗಿರಣಿ ನಿಂತಾಗ ಅದನ್ನು ಕಾಯುವುದು, ಇಷ್ಟು ಅವನ ಕೆಲಸ. ಅದಕ್ಕೇ ಗಿರಣಿಯ ಕಂಪೌಂಡಿನೊಳಗೆ ನಮಗೆ ಒಂದು ಖೋಲಿ ಕೊಟ್ಟಿದ್ದರು.

ಊರಿಗೆಲ್ಲ ಹೊತ್ತು ಹೇಳುವವನಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ಆಫೀಸಿನ ಗೋಡೆಯ ಮೇಲೆ ದೊಡ್ಡ ಗಡಿಯಾರ ಇತ್ತು. ಮುನ್ಶಿ ಲಾಲಸಾಬ ಅದನ್ನು ನೋಡಿ ಕಿಟಕಿಯಿಂದ ಕೈ ಬೀಸಿದರೆ ಅಪ್ಪ ಸರಪಳಿ ಎಳೆಯುತ್ತಿದ್ದ. ನಾನು ಎರಡನೇ ಕ್ಲಾಸಿನಲ್ಲಿ ಮುಳ್ಳು ಓದುವುದು ಕಲಿತೆ. ಅಲ್ಲಿಂದ ಮುಂದೆ ಸಾಲೆ ಇಲ್ಲದ ದಿನ ಆ ಕೆಲಸ ನನ್ನದಾಯಿತು. ಆಫೀಸಿನ ಕಟ್ಟೆಯ ಮೇಲೆ ನಿಂತು, ಎರಡೂ ಮುಳ್ಳು ಕೂಡಿದ ಕೂಡಲೇ "ಅಪ್ಪಾ, ಹನ್ನೆರಡು" ಅಂತ ಒದರುತ್ತಿದ್ದೆ. ಅಪ್ಪ ಎಳೆಯುತ್ತಿದ್ದ. ಊರು ಉಣ್ಣುತ್ತಿತ್ತು. ನನಗೆ ಅದರ ಸೊಕ್ಕು ಸಣ್ಣದಿರಲಿಲ್ಲ. ಸಾಲೆಯಲ್ಲಿ ಯಾರಾದರೂ ಜಗಳಕ್ಕೆ ಬಂದರೆ, ನಿಮ್ಮವ್ವ ರೊಟ್ಟಿ ಬಡಿಯುವುದು ನಾನು ಹೇಳಿದ ಮೇಲೆ ಅನ್ನುತ್ತಿದ್ದೆ.

ನನ್ನ ಹಿಂದೆ ಹುಟ್ಟಿದ ಎರಡು ಕೂಸು ಉಳಿಯಲಿಲ್ಲ. ನಾನೊಬ್ಬಳೇ. ಹಾಗಾಗಿ ಅಪ್ಪನಿಗೆ ಮಾತಾಡಲು ನಾನೇ. ಬಾಯ್ಲರಿನ ಬಾಯಿಗೆ ಕೂತು ಅವನು ಎಲ್ಲಾ ಹೇಳುತ್ತಿದ್ದ. ಈ ಪೈಪಿನಲ್ಲಿ ನೀರು ಬರುತ್ತದೆ, ಈ ಪೈಪಿನಲ್ಲಿ ಉಗಿ ಹೋಗುತ್ತದೆ, ಈ ಮುಳ್ಳು ಕೆಂಪು ಗೆರೆ ದಾಟಿದರೆ ನೀನೂ ಇಲ್ಲ ನಾನೂ ಇಲ್ಲ. ಗಿರಣಿಯ ಸಾವುಕಾರ ಯಾಕೆ ಸಿಟ್ಟಾದ, ಮುನ್ಶಿ ಯಾರ ಮುಂದೆ ಏನು ಸುಳ್ಳು ಹೇಳಿದ, ಅದೂ ಹೇಳುತ್ತಿದ್ದ. ನಾನು ಹುಡುಗಿ, ಸಣ್ಣವಳು ಅಂತ ಮಾತು ತಡೆದವನಲ್ಲ. ಅವನ ಅಂಗಿಗೆ ಔಡಲೆಣ್ಣೆಯ ವಾಸನೆ, ಹೊಗೆಯ ವಾಸನೆ. ಅವ್ವ ಎಷ್ಟು ತಿಕ್ಕಿ ಒಗೆದರೂ ಹೋಗುತ್ತಿರಲಿಲ್ಲ. ನನಗೆ ಆ ವಾಸನೆ ಇಲ್ಲದಿದ್ದರೆ ನಿದ್ದೆ ಬರುತ್ತಿರಲಿಲ್ಲ.

ಎಳ್ಳಮಾಸಿ ಹೊತ್ತಿಗೆ ಹೊಸ ಹತ್ತಿ ಬರಲು ಹತ್ತುತ್ತಿತ್ತು. ಸಂತೆಕಲ್ಲೂರು ಕಡೆಯಿಂದ, ಗುರುಗುಂಟಾ ಕಡೆಯಿಂದ ಬಂಡಿಗಳು. ಕಂಪೌಂಡಿನಲ್ಲಿ ಹತ್ತಿಯ ಗುಡ್ಡೆ ನಮ್ಮ ಖೋಲಿಗಿಂತ ಎತ್ತರ. ಅದರ ಮೇಲೆ ಏರಿ ಜಾರುವುದು ನಮ್ಮ ಆಟ, ಬೈಸಿಕೊಳ್ಳುವುದೂ ಆಟವೇ. ಸಿಕ್ಕಿಬಿದ್ದವರ ತಲೆಗೂದಲು ನೋಡಿದರೆ ಗೊತ್ತಾಗುತ್ತಿತ್ತು, ಮುದುಕಿಯಂತೆ ಬೆಳ್ಳಗೆ ಆಗಿರುತ್ತಿತ್ತು. ಅದೇ ಹೊತ್ತಿಗೆ ಹೊಲದಲ್ಲಿ ಜೋಳ ಹಾಲುಗಾಳು ಹಿಡಿಯುತ್ತಿತ್ತು. ಬಂಡಿಯವರು ಎಳೇ ತೆನೆ ತಂದು ಅಪ್ಪನ ಕೈಗೆ ಕೊಡುತ್ತಿದ್ದರು. ಅಪ್ಪ ಬಾಯ್ಲರಿನ ಬಿಸಿ ಬೂದಿಯಲ್ಲಿ ಅವನ್ನು ಹುಗಿದು ಸುಟ್ಟು, ಗೋಣಿಯ ಮೇಲೆ ಬಡಿದು ಸೀತನಿ ಉದುರಿಸುತ್ತಿದ್ದ. ಶೇಂಗಾ ಹಿಂಡಿ ಕೂಡ ಇದ್ದರೆ ಕೇಳುವುದೇ ಬೇಡ. ಬಾಯಿ ಸುಡುತ್ತಿತ್ತು, ಬಿಡುತ್ತಿರಲಿಲ್ಲ.

ನಾನು ಮೂರನೇ ಕ್ಲಾಸಿನಲ್ಲಿದ್ದ ವರ್ಷ ಊರಿಗೆ ಕರೆಂಟಿನ ಕಂಬ ಬಂದವು. ಸಂಕ್ರಾಂತಿಗೆ ಮುಂಚೆ ಒಂದು ದಿನ ಲಾರಿಯಲ್ಲಿ ಹುಲ್ಲು ಸುತ್ತಿದ ದೊಡ್ಡ ಗಡ್ಡೆಯೊಂದು ಬಂತು. ಮೋಟಾರು ಅಂದರು. ಇಳಿಸಲು ಎಂಟು ಜನ ಬೇಕಾಯಿತು. ಮುಂದಿನ ಹಗ್ಗ ಹಿಡಿದವನು ನಮ್ಮಪ್ಪ. "ದೀಪ ಹಚ್ಚಾಕ ಇಷ್ಟು ದೊಡ್ಡದು ಬೇಕೇನು?" ಅಂತ ಅವನು ಕೇಳಿದ್ದಕ್ಕೆ ಮುನ್ಶಿ ತಿರುಗಿ ಒಳಗೆ ಹೋದ.

ನಮ್ಮ ಖೋಲಿಯ ಬಾಜೂಕಿದ್ದ ಖೋಲಿ ಖಾಲಿ ಇತ್ತು. ಅದನ್ನೂ ನಮಗೇ ಕೊಡಲಿ, ಅಪ್ಪನ ಕೆಲಸ ಪಕ್ಕಾ ಮಾಡಲಿ ಅಂತ ಅವ್ವ ದಸರೆಯಿಂದ ಅಪ್ಪನ ಬೆನ್ನು ಹತ್ತಿದ್ದಳು. ಅಪ್ಪ ಒಂದು ದಿನ ಗಟ್ಟಿ ಮನಸ್ಸು ಮಾಡಿ ಮುನ್ಶಿಯ ಮುಂದೆ ಕೇಳಿದ. ಮುನ್ಶಿ, "ಸಾವ್ಕಾರ್ರ ಕಿವಿಗೆ ಹಾಕ್ತೀನಿ, ಜವಾಬು ಕೇಳಿ ಹೇಳ್ತೀನಿ" ಅಂದಿದ್ದ. ಅಂದಿನಿಂದ ನಮ್ಮ ಮನೆಯಲ್ಲಿ ಅದೊಂದೇ ಮಾತು. ಜವಾಬು ಬಂತೇನು, ಜವಾಬು ಬಂತೇನು.

ಸಂಕ್ರಾಂತಿ ಆಗಿ ನಾಲ್ಕು ದಿನಕ್ಕೆ ನಾನು ಅಪ್ಪನಿಗೆ ರೊಟ್ಟಿ ಗಂಟು ಒಯ್ಯುತ್ತಿದ್ದೆ. ಆಫೀಸಿನ ಕಿಟಕಿಯಿಂದ ಮುನ್ಶಿ ಕರೆದ. ಗಾದಿಯ ಮೇಲೆ ಕೂತಿದ್ದ, ಮುಖ ಎತ್ತಲಿಲ್ಲ.

"ಲಚುಮಿ, ನಿಮ್ಮಪ್ಪಗ ಹೇಳು. ಸಾವ್ಕಾರ್ರು ಜವಾಬ್ ಕೊಟ್ಟಾರ ಅಂತ."

"ಹೌದ್ರೀ?"

"ಹೂಂ. ನನ್ನ ಬಾಯಿಲೆ ಹೇಳಾಕ ಆಗವಲ್ದು. ನೀ ಹೇಳಿಬಿಡು."

ಇದನ್ನು ಬರೆಯುವಾಗ ಒಂದು ಮಾತು. ನನ್ನ ಮೊಮ್ಮಗಳು ಲಿಂಗಸೂಗೂರಿನ ಒಂದು ಆಫೀಸಿನಲ್ಲಿ ಕಂಪ್ಯೂಟರಿನ ಕೆಲಸ ಮಾಡುತ್ತಿದ್ದಳು. ಹೋದ ವರ್ಷ ನಾಳೆಯಿಂದ ಬರಬೇಡ ಅಂತ ಅವಳ ಫೋನಿಗೆ ಎರಡು ಸಾಲು ಬಂದವು. ಯಾರು ಕಳಿಸಿದರು ಅಂತ ಇವತ್ತಿಗೂ ಅವಳಿಗೆ ಗೊತ್ತಿಲ್ಲ. ಲಾಲಸಾಬ ಹೇಡಿ, ಒಂಬತ್ತು ವರ್ಷದ ಹುಡುಗಿಯ ಬಾಯಲ್ಲಿ ಹೇಳಿ ಕಳಿಸಿದ. ಆದರೂ ಅವನು ತಲೆ ತಗ್ಗಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಅವತ್ತು ನನಗೆ ತಲೆ ತಗ್ಗಿಸಿದ್ದು ಕಂಡಿತು, ಯಾಕೆ ಅಂತ ತಿಳಿಯಲಿಲ್ಲ. ಅಪ್ಪನ ಕಡೆ ಹೋಗಬೇಕಾದವಳು ತಿರುಗಿ ಮನೆಗೆ ಓಡಿದೆ. ಅವ್ವನಿಗೆ ಮೊದಲು ಹೇಳಿದರೆ ಕೈಗೆ ಬೆಲ್ಲ ಬೀಳುತ್ತದೆ ಅಂತ ನನ್ನ ಲೆಕ್ಕ.

"ಯವ್ವಾ, ಜವಾಬು ಬಂತು."

"ಏನಂದ್ರು?"

"ಕೊಟ್ಟಾರಂತ. ಸಾವ್ಕಾರ್ರು ಕೊಟ್ಟಾರಂತ."

"ಇಲ್ಲ ಅನ್ನೂದಿದ್ರ ಇಲ್ಲ ಅಂತಿದ್ರು. ಕೊಟ್ಟಾರ ಅಂದ್ರ ಕೊಟ್ಟಾರ" ಅಂದಳು ಅವ್ವ. ಕೈಯಲ್ಲಿದ್ದ ಹಿಟ್ಟು ಕೊಡವಿಕೊಂಡು ಎದ್ದಳು. ನನಗೆ ಬೆಲ್ಲ ಬಿತ್ತು. ಅಪ್ಪನ ರೊಟ್ಟಿ ನನ್ನ ಕಂಕುಳಲ್ಲೇ ಉಳಿಯಿತು, ಅವತ್ತು ಅವನು ಉಪವಾಸ.

ಮಧ್ಯಾಹ್ನದಿಂದ ಸಂಜೆ ತನಕ ಅವ್ವ ಬಾಜೂ ಖೋಲಿಯಲ್ಲೇ. ಜೇಡರ ಬಲೆ ತೆಗೆದಳು, ಇಲಿಯ ತೂತಿಗೆ ಮಣ್ಣು ಮೆತ್ತಿದಳು, ಸಗಣಿ ಹಾಕಿ ಸಾರಿಸಿದಳು. ಉಳಿದ ಸುಣ್ಣ ಕಲಸಿ ಬಾಗಿಲ ಸುತ್ತ ಬಳಿದಳು. ಒಲೆಯ ಮೇಲೆ ಸಜ್ಜಕ ಇಟ್ಟಿದ್ದಳು. ಬೆಲ್ಲ, ಏಲಕ್ಕಿ, ಹಸಿ ಸುಣ್ಣ, ಸಗಣಿ, ಎಲ್ಲಾ ಕೂಡಿದ ವಾಸನೆ ಮೂಗಿನಲ್ಲಿ ಇನ್ನೂ ಇದೆ.

ಸಂಜೆಯ ಭೋಂಗಾ ಎಳೆದು ಅಪ್ಪ ಮನೆಗೆ ಬಂದ. ಸುಣ್ಣದ ಬಾಗಿಲು ನೋಡಿ ನಿಂತ. ಅವ್ವ ತಾಟಿನಲ್ಲಿ ಸಜ್ಜಕ ಹಾಕಿಕೊಂಡೇ ಬಂದಳು.

"ಜವಾಬು ಬಂತಂತ. ನಿಮ್ಮ ಬಾಯಾಗ ಒಂದು ಮಾತು ಬರಲಿಲ್ಲ ನೋಡ್ರಿ. ಮಗಳು ಬಂದು ಹೇಳಬೇಕಾತು."

ಅಪ್ಪ ನನ್ನ ಕಡೆ ನೋಡಿದ. "ಲಾಲಸಾಬ ಹೆಂಗ ಹೇಳಿದವ್ವ? ಇದ್ದಂಗ ಹೇಳು."

ನಾನು ಮುನ್ಶಿಯ ದನಿ ತೆಗೆದು ಹೇಳಿದೆ. ನನ್ನ ಬಾಯಿಲೆ ಹೇಳಾಕ ಆಗವಲ್ದು ಅಂದದ್ದನ್ನೂ ಹೇಳಿದೆ. ನನಗೆ ಆ ಹೊತ್ತಿಗೆ ಅದು ನಗುವ ಮಾತು. ಅಪ್ಪ ಹೂಂ ಅಂದ. ತಾಟು ತಗೊಂಡ. ಎರಡು ಸಲ ಹಾಕಿಸಿಕೊಂಡು ಉಂಡ. ಸಜ್ಜಕ ಚಲೋ ಆಗೈತಿ ಅಂದ. ಅಷ್ಟೇ.

ಮರುದಿನ ಬೆಳಿಗ್ಗೆ ಅವ್ವ ಪಕ್ಕದ ಮಾಬಮ್ಮನಿಗೆ ಸಜ್ಜಕ ಕೊಟ್ಟಳು. ಮಾಬಮ್ಮನ ಗಂಡ ಗಿರಣಿಯಲ್ಲಿ ಫಿಟ್ಟರು. ಕಂಪೌಂಡಿನಲ್ಲಿ ನಮ್ಮೆರಡೇ ಮನೆ. ಅವರ ಮನೆ ಮಾತು ಮುಸಲ್ಮಾನರ ಮಾತು, ನಮ್ಮ ಜೊತೆ ಕನ್ನಡ. ಏನು ಹಬ್ಬ ಅಂತ ಮಾಬಮ್ಮ ಕೇಳಿದಳು. ಸಾವುಕಾರರು ಜವಾಬು ಕೊಟ್ಟರಂತೆ ಅಂತ ಅವ್ವ ಹೇಳಿದಳು. ಮಾಬಮ್ಮ ಬಾಯಿಗೆ ಒಯ್ದ ಕೈ ಇಳಿಸಿದಳು.

"ಗಂಗಮ್ಮ, ಯಾರು ಹೇಳಿದ್ರು ಈ ಮಾತು?"

"ಮುನ್ಶಿ."

"ಅಲ್ಲಬೇ, ನಮ್ಮ ಮಾತಿನಾಗ ಜವಾಬ್ ಕೊಡೂದು ಅಂದ್ರ ಕೆಲಸಾ ಬಿಡಸೂದು. ನೌಕರಿಯಿಂದ ತೆಗೆದ್ರ ಹಂಗ ಅಂತಾರ. ಮೋಟಾರು ಬಂತಲ್ಲ. ನಮ್ಮ ಮನಿಯವ ಅಂದ, ಎಂಜಿನ್ ಇನ್ನ ಬ್ಯಾಡಂತ. ನಿನಗ ಗೊತ್ತೈತಿ ಅಂದ್ಕೊಂಡಿದ್ನಿ."

ಅವ್ವನ ತವರು ಗುರುಗುಂಟಾ. ಅಲ್ಲಿ ಜವಾಬು ಅಂದರೆ ಕೇಳಿದ್ದಕ್ಕೆ ತಿರುಗಿ ಹೇಳುವ ಮಾತು, ಬೇರೆ ಇಲ್ಲ. ಅಪ್ಪ ಹದಿನೈದು ವರ್ಷ ಗಿರಣಿಯವರ ನಡುವೆ ಇದ್ದವನು, ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಎರಡು ತಾಟು ಉಂಡಿದ್ದ.

ಅವ್ವ ಮೊದಲು ನನಗೆ ಸುಣ್ಣದ ಕುಂಚದಿಂದ ಬಾರಿಸಿದಳು. ಬೆನ್ನ ಮೇಲೆ ನಾಲ್ಕು ಬಿಳೀ ಪಟ್ಟೆ. ಆಮೇಲೆ ಕುಂಚ ಹಿಡಿದೇ ಆಫೀಸಿಗೆ ನಡೆದಳು. ನಾನು ಅಳುತ್ತಾ ಹಿಂದೆ. ಅವತ್ತು ಸಾವುಕಾರರೂ ಬಂದಿದ್ದರು. ಗಾದಿಯ ಮೇಲೆ ಒರಗಿ ಹತ್ತಿಯ ಎಳೆ ಬೆರಳಲ್ಲಿ ಹಿಂಜಿ ನೋಡುತ್ತಿದ್ದರು. ಅವ್ವ ಹೊಸ್ತಿಲಾಚೆ ನಿಂತಳು, ಸೆರಗು ತಲೆಯ ಮೇಲೆ ಎಳೆದುಕೊಂಡಳು, ಮಾತು ಮಾತ್ರ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

"ಮುನ್ಶಿಯವರ, ನನ್ನ ಮಗಳ ಮುಂದ ಕನ್ನಡದಾಗ ಮಾತಾಡಿದ್ರೋ, ನಿಮ್ಮ ಮಾತಿನಾಗ ಮಾತಾಡಿದ್ರೋ?"

ಮುನ್ಶಿ ಗಾಬರಿಯಾದ. "ಕನ್ನಡದಾಗ ತಾಯಿ."

"ಕನ್ನಡದಾಗ ಹೇಳಿದ್ರ ಕನ್ನಡದ ಅರ್ಥಾನ. ಜವಾಬು ಕೊಟ್ಟಾರ ಅಂದ್ರಿ. ನಾವು ಕೇಳಿದ್ದು ಖೋಲಿ. ಖೋಲಿ ಕೊಟ್ಟಾರಂತ ತಿಳಕೊಂಡು ನಾ ಸಾರಿಸೀನಿ, ಸುಣ್ಣ ಬಳದೀನಿ. ಈಗ ಆ ಮಾತಿಗೆ ನಿಲ್ರಿ."

"ಅದು ಹಂಗಲ್ಲವ್ವ, ಅದರ ಅರ್ಥ..."

"ಅರ್ಥ ಆಡಿದವ್ರು ನೋಡ್ಕೋಬೇಕು. ಒಂಬತ್ತು ವರ್ಷದ ಹುಡುಗಿ ನೋಡ್ಕೋಬೇಕೇನು?"

ಸಾವುಕಾರರು ನಕ್ಕರು. ಹೊಟ್ಟೆ ಅಲುಗುವಂತೆ ನಕ್ಕರು. "ಲಾಲಸಾಬ, ಈಕಿನ್ನ ಲಿಂಗಸೂಗೂರು ಕೋರ್ಟಿಗೆ ಕಳಿಸಬೇಕಿತ್ತು ನೋಡು" ಅಂದರು. ಆಮೇಲೆ ನಗು ನಿಲ್ಲಿಸಿ ಅವ್ವನಿಗೆ ಹೇಳಿದರು. "ಗಂಗಮ್ಮ, ಮೋಟಾರು ಕೂತ ಮ್ಯಾಲ ಬೆಂಕಿ ಹಾಕವ ನನಗ ಯಾತಕ್ಕ? ದುರುಗಪ್ಪಂದು ತಪ್ಪಿಲ್ಲ, ನಂದೂ ತಪ್ಪಿಲ್ಲ."

"ಹುಡುಗಿ ಪರೀಕ್ಷಾ ಉಗಾದಿ ಆದ ಮ್ಯಾಲ ಐತಿ. ಅಲ್ಲೀತನಕ ಖೋಲಿ ಬಿಡಸಬ್ಯಾಡ್ರಿ. ಅಷ್ಟ ಕೇಳ್ತೀನಿ. ಈ ಊರು ಬಿಟ್ರ ಆಕಿಗೆ ಸಾಲಿ ಇಲ್ಲ."

ಅದು ಖರೆ. ಊರಲ್ಲಿ ನಮಗೆ ಹೊಲ ಇಲ್ಲ, ಮನೆ ಇಲ್ಲ. ಖೋಲಿ ಹೋದರೆ ಸಿಂಧನೂರಿನ ಆಚೆ, ಕಾಲುವೆಯ ಕಡೆಗೆ ಕೂಲಿಗೆ ಹೋಗಬೇಕು. ಆಂಧ್ರದಿಂದ ಬಂದವರು ಅಲ್ಲಿ ಹೊಲ ಹಿಡಿದು ಕ್ಯಾಂಪು ಹಾಕಿ ಭತ್ತ ಹಚ್ಚುತ್ತಿದ್ದರು. ಕೆಲಸ ಇತ್ತು, ಸಾಲೆ ಇರಲಿಲ್ಲ.

ಸಾವುಕಾರರು ಕೈಯಲ್ಲಿದ್ದ ಹತ್ತಿಯ ಎಳೆ ಕೆಳಗಿಟ್ಟರು. ಬಾಯ್ಲರು, ಎಂಜಿನ್ನು ಎರಡನ್ನೂ ಇನ್ನೊಂದು ಊರಿನ ಗಿರಣಿಯವರಿಗೆ ಮಾರಿದ್ದರಂತೆ. ಒಡೆಯುವಂತಿಲ್ಲ, ಒಂದೊಂದಾಗಿ ಬಿಚ್ಚಿ ಕೊಡಬೇಕು. ಅದರ ಕೀಲು ಎಲ್ಲೆಲ್ಲಿದೆ ಅಂತ ಅಪ್ಪನೊಬ್ಬನಿಗೇ ಗೊತ್ತು.

"ದುರುಗಪ್ಪನೇ ಬಿಚ್ಚಲಿ" ಅಂದರು. "ಎಂಜಿನ್ನಿನ ಕಡೀ ತುಂಡು ಬಂಡಿಗೆ ಹಾಕೂತನಕ ಖೋಲಿ ನಿಮ್ಮದು. ಹಾಕಿದ ದಿನ ಕೀಲಿ ಮುನ್ಶಿ ಕೈಗೆ. ಆತಿಲ್ಲ?"

ಆತು ಅಂದಳು ಅವ್ವ. ಮನೆಗೆ ಬರುವಾಗ ನನ್ನ ಬೆನ್ನಿನ ಸುಣ್ಣ ಸೆರಗಿನಿಂದ ಒರೆಸಿದಳು.

ಮೋಟಾರು ಶುರುವಾದ ದಿನ ಬಾಯ್ಲರು ತಣ್ಣಗಿತ್ತು. ಭೋಂಗಾ ಕೂಗಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಒಬ್ಬೊಬ್ಬರೇ ಗೇಟಿಗೆ ಬಂದರು. ದುರುಗಪ್ಪಗೆ ಏನಾಯಿತು ಅಂತ ಕೆಲವರು, ಬೈಯಲು ಕೆಲವರು. ಹೋಟೆಲಿನ ವೀರಣ್ಣ ಚಹದ ಕಿಟ್ಲಿ ಹಿಡಿದೇ ಬಂದಿದ್ದ.

"ನಿದ್ದಿ ಹತ್ತಿತ್ತೇನೋ ದುರುಗ್ಯಾ? ನಿನ್ನ ನಂಬಿ ಮಲಗಿದ ನಮ್ಮ ಗತಿ ಏನು?"

"ನನ್ನ ನಂಬೂದು ಬಿಡ್ರಿ" ಅಂದ ಅಪ್ಪ. "ಕೋಳಿ ಸಾಕ್ರಿ."

ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಬಂದವರಿಗೆಲ್ಲ ಅದನ್ನೇ ಹೇಳಿದ. ಮಧ್ಯಾಹ್ನದ ಹೊತ್ತಿಗೆ ನಗುವವರು ಬರುವುದು ನಿಂತಿತು. ಗಿರಣಿಯವರು ಗೇಟಿಗೆ ಒಂದು ರೈಲು ಕಂಬಿಯ ತುಂಡು ಕಟ್ಟಿ ಅದನ್ನೇ ಬಡಿಯತೊಡಗಿದರು. ಅದು ಊರ ಅಗಸಿ ಬಾಗಿಲ ತನಕವೂ ಕೇಳುತ್ತಿರಲಿಲ್ಲ. ಬಾಯ್ಲರಿನ ಬಿಸಿನೀರಿಗೆ ದಿನಾ ಕೊಡ ಹಿಡಿದು ಬರುತ್ತಿದ್ದ ಹೆಂಗಸರು ಎರಡು ದಿನ ಬಂದು ನೋಡಿದರು, ಮೂರನೇ ದಿನ ಬರಲಿಲ್ಲ.

ಅಪ್ಪ ಬಿಚ್ಚಲು ಶುರು ಮಾಡಿದ. ಮೊದಲು ಹೊಗೆಯ ಕೊಳವೆ, ಆಮೇಲೆ ನೀರಿನ ಪೈಪು. ಒಂದೊಂದು ತುಂಡನ್ನೂ ಚಿಂದಿ ಬಟ್ಟೆಯಿಂದ ಒರೆಸಿ, ಎಣ್ಣೆ ಹಚ್ಚಿ, ಗೋಣಿಯ ಮೇಲೆ ಸಾಲಾಗಿ ಇಡುತ್ತಿದ್ದ. ಹಿತ್ತಾಳೆಯ ತುಂಡುಗಳನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದ. ಮದುಮಗಳನ್ನು ಕಳಿಸುತ್ತೀಯೇನು ಅಂತ ಫಿಟ್ಟರು ಕಾಡಿಸಿದ. ಮುನ್ಶಿ ದಿನಕ್ಕೊಮ್ಮೆ ಬಂದು ನೋಡಿ ಹೋಗುತ್ತಿದ್ದ.

"ಎಲ್ಲೀಗೆ ಬಂತು ದುರುಗಪ್ಪ?"

"ನಟ್ಟು ತುಕ್ಕು ಹಿಡಿದಾವ್ರೀ. ಎಣ್ಣಿ ಬಿಟ್ಟು ಇಟ್ಟೀನಿ, ನೆನೀಲಿ. ಜುಲುಮಿಲೆ ತಿರುವಿದ್ರ ಮುರೀತಾವು."

"ಮುರೀಬಾರ್ದು ಮತ್ತ" ಅನ್ನುತ್ತಿದ್ದ ಮುನ್ಶಿ. ಅವನಿಗೆ ಎಲ್ಲಾ ತಿಳಿದಿತ್ತು ಅಂತ ನನಗೆ ಈಗ ಅನ್ನಿಸುತ್ತದೆ. ಆದರೂ ಒಂದು ಮಾತು ಆಡಲಿಲ್ಲ. ನನ್ನ ಬಾಯಲ್ಲಿ ಸುದ್ದಿ ಕಳಿಸಿದ್ದಕ್ಕೆ ಅದೇ ದಂಡ ಅಂದುಕೊಂಡನೋ ಏನೋ.

ಶಿವರಾತ್ರಿ ಆಯಿತು. ಹೋಳಿ ಬಂತು. ಸಾಲೆಯಿಂದ ಬಂದು ನಾನು ಎಂಜಿನ್ನಿನ ಪಕ್ಕದ ಗೋಣಿಯ ಮೇಲೆ ಕೂತು ಪಾಟಿಯ ಮೇಲೆ ಲೆಕ್ಕ ಬಿಡಿಸುತ್ತಿದ್ದೆ. ಮಾಸ್ತರರು ನನ್ನ ಲೆಕ್ಕಕ್ಕೆ ಶಾಭಾಸ್ ಅಂದಿದ್ದರು. ಒಂದು ದಿನ ಅಪ್ಪ ಸುತ್ತ ನೋಡಿ, ಎಂಜಿನ್ನಿನ ನಟ್ಟೊಂದನ್ನು ಎರಡು ಬೆರಳಲ್ಲಿ ತಿರುಗಿಸಿ ತೋರಿಸಿದ. ಬುಗುರಿಯಂತೆ ತಿರುಗಿತು.

"ಎಲ್ಲಾ ಹಿಂಗ ಅದಾವು" ಅಂದ. "ಸಡಲ್ ಮಾಡಿ ಕೈಲೆ ಕೂಡ್ರಿಸೀನಿ. ನಿನ್ನ ಪರೀಕ್ಷಾ ಮುಗಿದ ದಿನ ಒಂದ ತಾಸಿನಾಗ ಬಿಚ್ಚಿ ಕೊಡ್ತೀನಿ. ಅಲ್ಲೀತನಕ ಇವು ತುಕ್ಕು ಹಿಡಿದಾವು. ತಿಳೀತಿಲ್ಲ?"

ತಿಳಿಯಿತು ಅಂದೆ. ನನಗೆ ತಿಳಿದದ್ದು ಬೇರೆ. ಮಾಬಮ್ಮನ ಗಂಡ ಎರಡು ಕೈಯಲ್ಲಿ ಪಾನಾ ಹಿಡಿದು ಜೋತುಬಿದ್ದರೂ ತಿರುಗದ ನಟ್ಟು ನಮ್ಮಪ್ಪನ ಎರಡು ಬೆರಳಿಗೆ ತಿರುಗುತ್ತದೆ, ಅಷ್ಟು ಶಕ್ತಿ ನಮ್ಮಪ್ಪನಿಗೆ, ಅಂತ ತಿಳಿಯಿತು. ಉಳಿದ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಹೋಳಿ ಆಗಿ ಮೂರನೇ ದಿನ ಎಂಜಿನ್ನು ಕೊಂಡವನು ಬಂದ. ದಪ್ಪ ಆಳು, ಕೊರಳಲ್ಲಿ ಟವೆಲ್ಲು, ಕಿವಿಯ ಹಿಂದೆ ಹೋಳಿಯ ಬಣ್ಣ ಇನ್ನೂ ಹೋಗಿರಲಿಲ್ಲ. ಹಣ ಕೊಟ್ಟು ಎರಡು ತಿಂಗಳಾಯಿತು ಅಂತ ಮುನ್ಶಿಯ ಮೇಲೆ ಕೂಗಾಡಿದ. ಇಬ್ಬರೂ ಎಂಜಿನ್ನಿನ ಹತ್ತಿರ ಬಂದರು. ಅಪ್ಪ ಎದ್ದು ನಿಂತು, ತುಕ್ಕು ಹಿಡಿದಾವ್ರೀ ಅಂತ ಅದೇ ಮಾತು ಹೇಳಿದ. ದಪ್ಪ ಆಳು ನಂಬಿದ ಅಂತಲೇ ಇಟ್ಟುಕೊಳ್ಳಿ. ಬೈಯುವುದು ನಿಲ್ಲಿಸಿ ಬೀಡಿ ಹಚ್ಚಿದ. ನನ್ನ ಪಾಟಿಯ ಕಡೆ ನೋಡಿದ.

"ಏನ್ ಬರದೀಬೇ ತಂಗಿ?"

"ಲೆಕ್ಕಾರೀ. ನನಗ ಸಾವಿರತನಕ ಬರ್ತಾವು."

"ಭಾಳ ಶ್ಯಾಣೆ ಅದಿ. ಹಂಗಾರ ಆ ಚಕ್ರದ ಸುತ್ತ ನಟ್ಟು ಎಷ್ಟ ಅದಾವು, ಎಣಿಸಿ ಹೇಳು ನೋಡೂನು."

ಅವನು ಸುಮ್ಮನೆ ಹೊತ್ತು ಕಳೆಯಲು ಕೇಳಿದ. ನಾನು ಎದ್ದು ಒಂದು ಸುತ್ತು ಬಂದೆ.

"ಹದಿನಾರುರೀ. ಅಷ್ಟೂ ನಮ್ಮಪ್ಪ ಬರೇ ಕೈಲೆ ತಿರುಗಸ್ತಾನ್ರೀ. ಪಾನಾ ಸೈತ ಬೇಕಿಲ್ಲ. ಎರಡ ಬೆರಳಿಲೆ."

ದಪ್ಪ ಆಳು ಬೀಡಿ ಬಾಯಿಂದ ತೆಗೆದ. ಮುನ್ಶಿ ಬೇಗ ಬೇಗ, "ಸಣ್ಣ ಹುಡುಗಿ, ಏನರ ಅಂತೈತಿ, ಬರ್ರಿ ಚಾ ಕುಡಿಯೂನು" ಅಂದ. ಅವನು ಹೋಗಲಿಲ್ಲ. ಬಗ್ಗಿ ಒಂದು ನಟ್ಟಿಗೆ ಬೆರಳು ಹಚ್ಚಿದ. ತಿರುಗಿತು. ಇನ್ನೊಂದಕ್ಕೆ ಹಚ್ಚಿದ, ಅದೂ ತಿರುಗಿತು. ಮೂರನೆಯದಕ್ಕೆ ಹಚ್ಚಲಿಲ್ಲ.

ನಾನು ಅಪ್ಪನ ಮುಖ ನೋಡಿದೆ, ಶಾಭಾಸ್ ಅಂತಾನೆ ಅಂತ. ಅಪ್ಪ ಕೈಯಲ್ಲಿದ್ದ ಚಿಂದಿ ಬಟ್ಟೆಯನ್ನು ಮಡಚುತ್ತಿದ್ದ. ಮಡಚಿದ್ದನ್ನು ಮತ್ತೆ ಮಡಚಿದ.

"ನಾಳೆ ಮುಂಜಾನೆ ಬಂಡಿ ತರ್ತೀನಿ" ಅಂದ ದಪ್ಪ ಆಳು. ಕೂಗಾಡಲಿಲ್ಲ. ಅಪ್ಪನ ಹೆಗಲ ಮೇಲೆ ಕೈ ಇಟ್ಟು, "ನಾನೂ ಮಕ್ಕಳೊಂದಿಗ. ಆದ್ರ ನನ್ನ ಗಿರಣಿನೂ ನಿಂತೈತಲ್ಲೋ" ಅಂದ. ಅವನು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಅಪ್ಪ ಹೇಳಿದಂತೆ ಒಂದು ತಾಸು ಸಾಕಾಯಿತು. ಮರುದಿನ ಬಂಡಿಗಳು ಬಂದವು. ಹಲಗೆ ಹಾಕಿ ಉರುಳಿಸಿದರು. ಕಡೆಯ ತುಂಡು ಏರಿದ ಮೇಲೆ ಅಪ್ಪ ಕೀಲಿಯನ್ನು ಮುನ್ಶಿಯ ಕೈಗೆ ಕೊಟ್ಟ. ಮುನ್ಶಿ ತಗೊಂಡು, "ಎರಡ ದಿನ ಇರ್ರಿ, ನಾ ಸಾವ್ಕಾರ್ರಿಗೆ ಹೇಳ್ಕೋತೀನಿ" ಅಂದ. ಅಪ್ಪ ಬೇಡ ಅಂದ. ಮಾತು ಅಂದರೆ ಮಾತು. ಅವ್ವ ಪಾತ್ರೆ ಗಂಟು ಕಟ್ಟಿ ಆಗಲೇ ಹೊರಗೆ ಇಟ್ಟಿದ್ದಳು. ಮಾಬಮ್ಮ ದಾರಿಗೆ ಅಂತ ರೊಟ್ಟಿ, ಪುಂಡಿಪಲ್ಲೆ ಕಟ್ಟಿ ಕೊಟ್ಟು, ಮುಖ ತಿರುಗಿಸಿ ಒಳಗೆ ಹೋದಳು. ಪರೀಕ್ಷೆಗೆ ಇನ್ನೂ ಹದಿನೆಂಟು ದಿನ ಇತ್ತು.

ಅವ್ವ ಆ ಸಲ ನನಗೆ ಹೊಡೆಯಲಿಲ್ಲ. ಹೊಡೆಯಲಿ ಅಂತ ನಾನೇ ಅವಳ ಸುತ್ತ ಸುಳಿದಾಡಿದೆ. ಬಸ್ಸಿನಲ್ಲಿ ಅಪ್ಪನ ಪಕ್ಕ ಕೂತು, ಅಪ್ಪಾ ಅಂದೆ. ಕಿಟಕಿಯಾಚೆ ನೋಡು, ಗಾಳಿ ಚಲೋ ಬರುತ್ತದೆ ಅಂದ.

ಸಿಂಧನೂರಿನ ಆಚೆ ಒಂದು ಕ್ಯಾಂಪಿನಲ್ಲಿ ಗುಡಿಸಲು ಹಾಕಿದೆವು. ಅವ್ವ, ನಾನು ಮೊಣಕಾಲುದ್ದ ಕೆಸರಿನಲ್ಲಿ ಭತ್ತದ ಸಸಿ ಹಚ್ಚಿದೆವು. ಸಾವಿರದ ತನಕ ಎಣಿಸುವವಳು ಸಸಿಯ ಸಾಲು ಎಣಿಸಿದೆ. ಅಪ್ಪ ಮಂದಿಯ ಗದ್ದೆಗೆ ನೀರು ಕಟ್ಟಿದ. ಒಂದು ತಿಂಗಳಿಗೆ ಅವನ ಅಂಗಿಯ ಔಡಲೆಣ್ಣೆಯ ವಾಸನೆ ಹೋಯಿತು. ಕೆಸರಿನ ವಾಸನೆ ಬಂತು, ಅದಕ್ಕೂ ಒಗ್ಗಿಕೊಂಡೆ. ಓದು ಅಲ್ಲಿಗೆ ನಿಂತಿತು. ಆಮೇಲೆ ಮಕ್ಕಳ ಪುಸ್ತಕ ನೋಡಿ ಇಷ್ಟು ಬರೆಯುವಷ್ಟು ಕಲಿತೆ. ಸಾಲೆ ಹೋಯಿತು ಅಂತ ನಾನು ಕೂತು ಅತ್ತವಳಲ್ಲ. ನನ್ನ ವಾರಿಗೆಯ ಹುಡುಗಿಯರಲ್ಲಿ ನಾಲ್ಕನೇ ಕ್ಲಾಸು ಕಂಡವರು ಎಷ್ಟು ಜನ? ಗಿರಣಿಯೂ ಹೋಯಿತು, ಆ ಜಾಗದಲ್ಲಿ ಈಗ ಗೊಬ್ಬರ, ಬೀಜದ ಅಂಗಡಿಗಳು. ಅದೂ ಸರಿ. ಕಾಲಕ್ಕೆ ತಕ್ಕಂತೆ ಅವು ಹೋಗಬೇಕಾದವೇ.

ಹೋಗಬಾರದ್ದು ಒಂದು ಹೋಯಿತು. ಅಪ್ಪ ನನ್ನ ಮುಂದೆ ಮಾತಾಡುವುದು ಬಿಟ್ಟ. ಸಿಟ್ಟಿನಿಂದ ಅಲ್ಲ. ಉಂಡೆಯಾ ಅನ್ನುತ್ತಿದ್ದ, ಮಲಗು ಅನ್ನುತ್ತಿದ್ದ, ಜಾತ್ರೆಯಿಂದ ಬಳೆ ತರುತ್ತಿದ್ದ. ಅವ್ವನ ಜೊತೆ ಕೆಲಸದ ಮಾತು ಆಡುತ್ತಿರುವಾಗ ನಾನು ಒಳಗೆ ಬಂದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಅವ್ವ ಒಲೆ ಊದುತ್ತಿದ್ದಳು, ಅಪ್ಪ ಹೊರಗೆ ಹೋಗುತ್ತಿದ್ದ. ಯಾವ ಗದ್ದೆ, ಯಾರು ಬೈದರು, ಯಾರು ನಗಿಸಿದರು, ಒಂದೂ ನನಗೆ ತಿಳಿಯುತ್ತಿರಲಿಲ್ಲ.

ನಾನು ಮದುವೆಗೆ ಬಂದ ವರ್ಷ ಅವನು ಸಿಂಧನೂರಿನ ಒಂದು ಅಕ್ಕಿ ಗಿರಣಿಯಲ್ಲಿ ತೌಡು ತುಂಬುವ ಕೆಲಸಕ್ಕೆ ಹೋಗುತ್ತಿದ್ದ. ಅವ್ವನಿಗೆ ಚಳಿಜ್ವರ, ಮನೆಯ ಅಡಿಗೆ ನನ್ನದು. ಒಂದು ದಿನ ಆ ಗಿರಣಿಯ ಕಡೆಯ ಹೆಂಗಸೊಬ್ಬಳು ಸಂತೆಯಲ್ಲಿ ಸಿಕ್ಕಳು. "ನಿಮ್ಮಪ್ಪಗ ಬ್ಯಾರೆ ಕಡೆ ಕೆಲಸಾ ಸಿಕ್ಕತೇನಬೇ?" ಅಂತ ಕೇಳಿದಳು. ಗಿರಣಿಗೆ ಹೊಸ ಮಿಷನ್ನು ಬಂತು, ತೌಡಿನವರನ್ನೆಲ್ಲ ತೆಗೆದು ಎಂಟು ದಿನವಾಯಿತು ಅಂದಳು. ಸಂಜೆ ಕಾಲುವೆಯ ದಾರಿ ಹಿಡಿದು ಬರುವಾಗ ನೋಡಿದೆ. ಅಪ್ಪ ತೂಬಿನ ಕಟ್ಟೆಯ ಮೇಲೆ ಕೂತಿದ್ದ, ಬಿಚ್ಚಿದ ರೊಟ್ಟಿ ಗಂಟು ತೊಡೆಯ ಮೇಲೆ ಇತ್ತು, ಮನೆಗೆ ಹೋಗುವ ಹೊತ್ತಾಗಲಿ ಅಂತ ನೀರು ನೋಡುತ್ತಿದ್ದ. ನಾನು ಮುಳ್ಳುಕಂಟಿಯ ಹಿಂದಿನಿಂದ ಸುತ್ತಿ ಮನೆಗೆ ಬಂದೆ.

ಆ ಎಂಟೂ ದಿನ ಬೆಳಿಗ್ಗೆ ಎದ್ದು ಅವನಿಗೆ ರೊಟ್ಟಿ ಕಟ್ಟಿ ಕೊಟ್ಟವಳು ನಾನೇ. ಒಂಬತ್ತನೇ ದಿನವೂ ಕಟ್ಟಿ ಕೊಟ್ಟೆ.